ಓದುಗರ ಪ್ರಶ್ನೆ, ನಮ್ಮ ಉತ್ತರ: ಹಡಗಿನ ಹೆಸರು ಬಿಡಿ, ನಂಬರ್ ನೋಡಿ

ಪ್ರಶ್ನೆ: 1971ರ ಯುದ್ಧದಲ್ಲಿ ನಮ್ಮನ್ನ ಹೆದರಿಸೋಕೆ ಅಂತ ಬಂಗಾಳ ಕೊಲ್ಲಿ ಕಡೆ ಬಂದ ಅಮೆರಿಕದ ಎಂಟರ್‌ಪ್ರೈಸ್, ಎರಡನೇ ಮಹಾಯುದ್ಧದಲ್ಲಿ ಜಪಾನ್ ವಿರುದ್ಧ ಹೋರಾಡಿದ ಎಂಟರ್‌ಪ್ರೈಸ್, ಎರಡೂ ಒಂದೇನಾ? ಒಂದ್ಕಡೆ 1958ರಲ್ಲಿ ಗುಜರಿಗೆ ಮಾರಿದ್ರು ಅಂತಿದೆ, ಇನ್ನೊಂದ್ಕಡೆ 2012ರವರೆಗೂ ಓಡಾಡ್ತಿತ್ತು ಅಂತಿದೆ. ಯಾವುದು ಸರಿ? (ಕಾರವಾರದ ಓದುಗರು)

ಉತ್ತರ: ಎರಡೂ ಸರಿ, ಆದ್ರೆ ಎರಡು ಬೇರೆ ಬೇರೆ ಹಡಗು. ಮೊದಲನೇದು ಸಿವಿ 6 (ಇದು ಹಡಗಿನ ಹಲ್ ನಂಬರ್, ಅಂದ್ರೆ ನೌಕಾಪಡೆ ಪ್ರತಿ ಹಡಗಿಗೂ ಕೊಡೋ ಗುರುತಿನ ನಂಬರ್). 1938ರಲ್ಲಿ ಕಮಿಷನ್ ಆಗಿದ್ದು, ಮಿಡ್‌ವೇ ಸೇರಿ ಪೆಸಿಫಿಕ್‌ನ ಹೆಚ್ಚುಕಮ್ಮಿ ಎಲ್ಲಾ ದೊಡ್ಡ ಕಾಳಗದಲ್ಲೂ ಇತ್ತು, ಕಾಳಗದಲ್ಲಿ ಪಾಲ್ಗೊಂಡಿದ್ದಕ್ಕೆ ಕೊಡೋ ಬ್ಯಾಟಲ್ ಸ್ಟಾರ್ ಅನ್ನೋ ಗೌರವ 20 ಸಲ ತಗೊಂಡಿದ್ದು ಅದು. ಅಂಥಾ ಹಡಗನ್ನ ಮ್ಯೂಸಿಯಂ ಮಾಡಿ ಉಳಿಸ್ಕೊಳ್ಳೋಕೆ ದುಡ್ಡು ಹೊಂದಿಸೋಕಾಗ್ದೆ ಗುಜರಿಗೆ ಹಾಕಿದ್ರು ಅನ್ನೋದು ನನಗಂತೂ ಇವತ್ತಿಗೂ ಅರಗಲ್ಲ. 1971ರ ಡಿಸೆಂಬರ್‌ನಲ್ಲಿ ಏಳನೇ ಫ್ಲೀಟಿಂದ ನಮ್ಮ ಕಡೆ ಬಂದಿದ್ದು ಸಿವಿಎನ್ 65, ಪ್ರಪಂಚದ ಮೊದಲ ಅಣುಶಕ್ತಿ ವಿಮಾನವಾಹಕ, ಎಂಟು ರಿಯಾಕ್ಟರ್ ಇತ್ತು ಅದ್ರಲ್ಲಿ, 1961ರಲ್ಲಿ ಕಮಿಷನ್ ಆಗಿ 2012ರಲ್ಲಿ ಕೆಲಸ ನಿಲ್ಲಿಸ್ತು. ಈಗ ಅದೇ ಹೆಸರಲ್ಲಿ ಸಿವಿಎನ್ 80 ಅಂತ ಇನ್ನೊಂದು ಕಟ್ತಾ ಇದ್ದಾರೆ.

ಅಮೆರಿಕನ್ನರು ಹೆಸರನ್ನ ಮತ್ತೆ ಮತ್ತೆ ಇಡ್ತಾರೆ, ಅಜ್ಜನ ಹೆಸರು ಮೊಮ್ಮಗನಿಗೆ ಇಟ್ಟ ಹಾಗೆ. ಅದಕ್ಕೇ ಯಾವುದೇ ಹಡಗಿನ ಚರಿತ್ರೆ ಓದುವಾಗ ಹೆಸರಿನ ಪಕ್ಕದ ಹಲ್ ನಂಬರ್ ಹಿಡ್ಕೊಂಡು ಹೋಗಿ. ಇನ್ನೊಂದು ವಿಷಯ, ನೀರಿಗೆ ಇಳಿಸಿದ ದಿನಾನೇ ಹಡಗು ನೌಕಾಪಡೆಗೆ ಸೇರಲ್ಲ, ಆಗ ಅದು ಬರೀ ತೇಲೋ ಕಬ್ಬಿಣ, ಕಮಿಷನ್ ಆದ ದಿನದಿಂದ ಸರ್ವಿಸ್ ಶುರು. ಡಿಕಮಿಷನ್ ಅಂದ್ರೂ ಕಥೆ ಮುಗೀತು ಅಂತಲ್ಲ, ಎಷ್ಟೋ ಹಡಗನ್ನ ವರ್ಷಗಟ್ಟಲೆ ಮೂಲೆಯಲ್ಲಿ ನಿಲ್ಲಿಸಿಟ್ಟು ಯುದ್ಧ ಬಂದಾಗ ಮತ್ತೆ ಎಬ್ಬಿಸಿದ್ದಾರೆ. ರಿಜಿಸ್ಟರಿಂದ ಹೆಸರು ಹೊಡೆದು ಹಾಕಿದ್ರು ಅಂತ ಬಂದ್ರೆ ಮಾತ್ರ ಅಲ್ಲಿಗೆ ಸಾಮಾನ್ಯವಾಗಿ ಮುಗೀತು ಅಂದ್ಕೊಳ್ಳಿ.

ಪ್ರಶ್ನೆ: ಮುಳುಗಿದ ಸಬ್‌ಮರೀನನ್ನ ಮೇಲೆತ್ತಿ ಮತ್ತೆ ಯುದ್ಧಕ್ಕೆ ಕಳಿಸಿದ್ದು ಉಂಟಾ? ಯಾರೋ ಹೇಳಿದ್ರು, ನಂಬೋಕಾಗ್ಲಿಲ್ಲ. (ಶಿವಮೊಗ್ಗದಿಂದ)

ಉತ್ತರ: ಉಂಟು, ಮತ್ತೆ ಅದರ ಮುಂದಿನ ಕಥೆ ಕೇಳಿದ್ರೆ ಇನ್ನೂ ನಂಬೋಕಾಗಲ್ಲ. ಅದು ಅಮೆರಿಕದ ಸಬ್‌ಮರೀನ್, ಹೆಸರು ಸ್ಕ್ವಾಲಸ್, ನಂಬರ್ ಎಸ್‌ಎಸ್ 192. 1939ರ ಮೇ 23ರ ಬೆಳಿಗ್ಗೆ ನ್ಯೂ ಹ್ಯಾಂಪ್‌ಶೈರ್ ಕರಾವಳಿ ಹತ್ರ ಟೆಸ್ಟ್ ಡೈವ್ ಮಾಡ್ತಿತ್ತು, ಒಳಗೆ 59 ಜನ. ಡೀಸೆಲ್ ಎಂಜಿನ್‌ಗೆ ಗಾಳಿ ಎಳ್ಕೊಳ್ಳೋ ಒಂದು ದೊಡ್ಡ ಪೈಪ್ ಇರುತ್ತೆ, ಮುಳುಗೋಕೆ ಮುಂಚೆ ಅದರ ವಾಲ್ವ್ ಮುಚ್ಚಬೇಕು. ಕಂಟ್ರೋಲ್ ರೂಮ್‌ನ ಬೋರ್ಡಲ್ಲಿ ಎಲ್ಲಾ ಹಸಿರು ದೀಪ, ಅಂದ್ರೆ ಎಲ್ಲಾ ಮುಚ್ಚಿದೆ ಅಂತ ಅರ್ಥ. ಮುಚ್ಚಿರಲಿಲ್ಲ. ಹಿಂಭಾಗಕ್ಕೆ ನೀರು ನುಗ್ಗಿ 240 ಅಡಿ ಆಳದಲ್ಲಿ ತಳಕ್ಕೆ ಕೂತ್ಬಿಡ್ತು, ಹಿಂದಿನ ಕೋಣೆಗಳಲ್ಲಿದ್ದ 26 ಜನ ಹೋದ್ರು. ಮಧ್ಯದ ಬಾಗಿಲನ್ನ ಮುಚ್ಚೋ ಕೆಲಸ ಮೇನೆಸ್ ಅನ್ನೋ ನಾವಿಕನದ್ದು, ಹಡಗು ಹಿಂದಕ್ಕೆ ವಾಲ್ಕೊಂಡು ಬಾಗಿಲು ಮೇಲಕ್ಕೆ ಎಳೆದು ಮುಚ್ಚಬೇಕಾದ ಸ್ಥಿತಿ, ಕೆಲವರು ಆ ಕಡೆಯಿಂದ ನೀರಲ್ಲಿ ಎದ್ದೂಬಿದ್ದೂ ಬರ್ತಿದ್ರು, ಬರೋಕಾದಷ್ಟು ಜನರನ್ನ ಈ ಕಡೆ ಬಿಟ್ಕೊಂಡು ಆಮೇಲೆ ಮುಚ್ಚಿದ. ಅದನ್ನ ಮುಚ್ಚದಿದ್ರೆ ಮುಂದಿನ ಭಾಗದ ಒಬ್ಬನೂ ಉಳೀತಿರಲಿಲ್ಲ.

ಹುಡುಕ್ಕೊಂಡು ಬಂದಿದ್ದು ಅದರದೇ ಜೊತೆಯ ಸಬ್‌ಮರೀನ್ ಸ್ಕಲ್ಪಿನ್, ನಂಬರ್ 191. ಕೆಳಗಿನವರು ಬಿಟ್ಟ ಹೊಗೆ ರಾಕೆಟ್ ಕಂಡು ಹತ್ರ ಬಂದ್ರೆ ಟೆಲಿಫೋನ್ ಕಟ್ಟಿದ ಒಂದು ತೇಲುಬುರುಡೆ ತೇಲ್ತಿತ್ತು, ಅದನ್ನ ಎತ್ತಿ ಎರಡು ಮಾತಾಡೋ ಹೊತ್ತಿಗೆ ವೈರ್ ಕಿತ್ತೋಯ್ತು. ಮಾರನೇ ದಿನ ಫಾಲ್ಕನ್ ಅನ್ನೋ ಹಡಗಿನಿಂದ ಗಂಟೆಯಾಕಾರದ ಒಂದು ಉಕ್ಕಿನ ಚೇಂಬರ್ ಇಳಿಸಿ, ಸಬ್‌ಮರೀನಿನ ಬಾಗಿಲ ಮೇಲೆ ಕೂರಿಸಿ, ನಾಲ್ಕು ಟ್ರಿಪ್ಪಲ್ಲಿ 33 ಜನರನ್ನೂ ಎತ್ತಿದ್ರು. ಕೊನೇ ಟ್ರಿಪ್ಪಲ್ಲಿ ಕೇಬಲ್ ಸಿಕ್ಕಾಕ್ಕೊಂಡು ಚೇಂಬರ್ ನಡುನೀರಲ್ಲೇ ಗಂಟೆಗಟ್ಟಲೆ ನಿಂತಿತ್ತು. ಇದ್ರ ಹಿಂದೆ ಇದ್ದ ತಲೆ ಅಮೆರಿಕದ ನೌಕಾಪಡೆ ಅಧಿಕಾರಿ ಸ್ವೀಡ್ ಮಾಮ್ಸನ್, ಅಲ್ಲೀವರೆಗೆ ಸಬ್‌ಮರೀನ್ ಮುಳುಗಿದ್ರೆ ಒಳಗಿದ್ದವರ ಕಥೆ ಅಷ್ಟೇ ಅಂತಿದ್ದ ಕಾಲ ಅದು.

ಆ ಸೆಪ್ಟೆಂಬರಲ್ಲಿ ಹಡಗನ್ನೇ ಎತ್ತಿ, ರಿಪೇರಿ ಮಾಡಿ, 1940ರಲ್ಲಿ ಸೈಲ್‌ಫಿಶ್ ಅಂತ ಹೊಸ ಹೆಸರಲ್ಲಿ ಕಮಿಷನ್ ಮಾಡಿದ್ರು. ಹೆಸರು ಹೊಸದು, ನಂಬರ್ ಅದೇ 192.

ಈಗ 1943ಕ್ಕೆ ಬನ್ನಿ. ನವೆಂಬರ್ 19ರಂದು ಪೆಸಿಫಿಕ್‌ನ ಟ್ರಕ್ ಅನ್ನೋ ದ್ವೀಪಗಳ ಕಡೆ ಸ್ಕಲ್ಪಿನ್ ಜಪಾನಿ ಡಿಸ್ಟ್ರಾಯರ್ ಕೈಗೆ ಸಿಕ್ತು. ಆಳ ತೋರ್ಸೋ ಗೇಜ್ 125 ಅಡಿಗೇ ಕಚ್ಕೊಂಡು ನಿಂತಿತ್ತು, ಇನ್ನೂ ಕೆಳಗಿದ್ದೀವಿ ಅಂದ್ಕೊಂಡು ಏರಿಸ್ತಾ ಹೋಗಿ ನೇರ ಶತ್ರು ಕಣ್ಣೆದುರಿಗೇ ಮೇಲೆ ಬಂದ್ಬಿಟ್ರು. ಕ್ಯಾಪ್ಟನ್ ಜಾನ್ ಕ್ರಾಮ್‌ವೆಲ್ ಅನ್ನೋ ಅಧಿಕಾರಿಗೆ ಮುಂದಿನ ದಾಳಿಯ ಪ್ಲಾನ್, ಜಪಾನಿನ ಗುಪ್ತ ಸಂದೇಶ ಒಡೀತಿರೋ ವಿಷಯ ಎಲ್ಲಾ ಗೊತ್ತಿತ್ತು, ಸೆರೆಸಿಕ್ಕಿ ಹೊಡೆತಕ್ಕೆ ಬಾಯಿಬಿಟ್ರೆ ಕಷ್ಟ ಅಂತ ಬೇಕಂತಲೇ ಹಡಗಿನ ಜೊತೆ ಮುಳುಗಿದ್ರು, ಆಮೇಲೆ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್ ಕೊಟ್ರು. ಉಳಿದು ಸೆರೆಯಾದವರಲ್ಲಿ 21 ಜನರನ್ನ ಚುಯೋ ಅನ್ನೋ ವಿಮಾನವಾಹಕದಲ್ಲಿ ಹಾಕ್ಕೊಂಡು ಜಪಾನಿಗೆ ಹೊರಟ್ರು. ಡಿಸೆಂಬರ್ 4ರಂದು ಬಿರುಗಾಳಿ ಮಧ್ಯೆ, ರಾತ್ರಿಯಿಂದ ಬೆಳಿಗ್ಗೆವರೆಗೂ ಅಟ್ಟಿಸ್ಕೊಂಡು ಹೋಗಿ ಆ ಚುಯೋನ ಮುಳುಗಿಸಿದ್ದು ಯಾವ ಸಬ್‌ಮರೀನ್ ಅಂತೀರಾ, ಸೈಲ್‌ಫಿಶ್. ತನ್ನ ಜೀವ ಉಳಿಸೋಕೆ ಓಡಿ ಬಂದಿದ್ದ ಹಡಗಿನ ಹುಡುಗ್ರೇ ಅದರೊಳಗೆ ಇದ್ದಾರೆ ಅಂತ ಇದಕ್ಕೆ ಗೊತ್ತೇ ಇರಲಿಲ್ಲ. 21ರಲ್ಲಿ 20 ಜನ ಸತ್ರು, ಒಬ್ಬ ಬದುಕ್ಕೊಂಡ.

ಆ ಟ್ರಿಪ್ಪಿಗೆ ಸೈಲ್‌ಫಿಶ್‌ಗೆ ಪ್ರೆಸಿಡೆನ್ಷಿಯಲ್ ಯೂನಿಟ್ ಸೈಟೇಶನ್ ಬಂತು, ದೊಡ್ಡ ಗೌರವ. ಅದನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ, ಯುದ್ಧದಲ್ಲಿ ವಿಮಾನವಾಹಕ ಕಂಡ್ರೆ ಹೊಡೀಲೇಬೇಕು. 1948ರಲ್ಲಿ ಅದೂ ಗುಜರಿಗೆ ಹೋಯ್ತು, ಮೇಲಿನ ಕಾನಿಂಗ್ ಟವರ್ ಮಾತ್ರ ಮೇನ್ ರಾಜ್ಯದ ಕಿಟರಿಯಲ್ಲಿರೋ ಪೋರ್ಟ್ಸ್‌ಮತ್ ನೇವಲ್ ಶಿಪ್‌ಯಾರ್ಡಲ್ಲಿ ಸ್ಮಾರಕ ಆಗಿ ನಿಂತಿದೆ.

ಪ್ರಶ್ನೆ: ನಮ್ಮ ಐಎನ್ಎಸ್ ಜಲಾಶ್ವ ಸೆಕೆಂಡ್ ಹ್ಯಾಂಡ್ ಅಂತಾರಲ್ಲ, ನಿಜಾನಾ? (ಬೆಂಗಳೂರಿಂದ)

ಉತ್ತರ: ನಿಜ. ಅಮೆರಿಕದ ಟ್ರೆಂಟನ್ ಅದು, ಎಲ್‌ಪಿಡಿ 14, ಸಿಯಾಟಲ್‌ನಲ್ಲಿ ಕಟ್ಟಿ 1971ರಲ್ಲಿ ಕಮಿಷನ್ ಆಗಿದ್ದು. ಹಿಂಭಾಗದಲ್ಲಿ ಹಡಗಿನ ಹೊಟ್ಟೆಗೇ ನೀರು ಬಿಟ್ಕೊಂಡು ಒಳಗಿನ ದೋಣಿಗಳನ್ನ ತೇಲಿಸಿ ಹೊರಗೆ ಕಳಿಸೋ ವ್ಯವಸ್ಥೆ ಇದೆ, ಸೈನಿಕರನ್ನ, ಟ್ಯಾಂಕನ್ನ ದಡಕ್ಕೆ ಇಳ್ಸೋಕೆ. 1991ರ ಜನವರಿಯಲ್ಲಿ ಸೊಮಾಲಿಯಾದ ಮೊಗಾದಿಶುವಿನಲ್ಲಿ ಗಲಾಟೆ ಆದಾಗ ಇದರ ಮೇಲಿಂದ ಎದ್ದ ಎರಡು ಹೆಲಿಕಾಪ್ಟರ್ ರಾತ್ರಿಯಲ್ಲೇ, ಆಕಾಶದಲ್ಲೇ ಇಂಧನ ತುಂಬಿಸ್ಕೊಂಡು 466 ನಾಟಿಕಲ್ ಮೈಲಿ ಹಾರಿ ಹೋಗಿ ಅಮೆರಿಕನ್ ರಾಯಭಾರ ಕಚೇರೀಲಿ ಇಳಿದ್ವು, ಆ ಕಾರ್ಯಾಚರಣೆಯಲ್ಲಿ ಒಟ್ಟು 281 ಜನರನ್ನ ಹೊರಗೆ ತಂದ್ರು.

2007ರ ಜೂನ್ 22ಕ್ಕೆ ಅಮೆರಿಕದ ನಾರ್ಫೋಕ್‌ನಲ್ಲೇ ನಮ್ಮ ಬಾವುಟ ಏರಿಸಿದ್ರು, ಬೆಲೆ ಸುಮಾರು 48 ಮಿಲಿಯನ್ ಡಾಲರ್. ಇಷ್ಟು ಹಳೇದು ಯಾಕ್ ತಗೊಂಡ್ರಿ ಅಂತ ಸಿಎಜಿ ಟೀಕೆನೂ ಮಾಡ್ತು, 2008ರಲ್ಲಿ ವಿಷಾನಿಲ ಸೋರಿ ಒಬ್ಬ ಅಧಿಕಾರಿ, ಐದು ನಾವಿಕರು ತೀರ್ಕೊಂಡಿದ್ದು ದೊಡ್ಡ ಆಘಾತ. ಆದ್ರೆ 2020ರ ಮೇನಲ್ಲಿ, ಕೊರೊನಾ ಲಾಕ್‌ಡೌನ್‌ ಸಮಯದಲ್ಲಿ ಮಾಲ್ಡೀವ್ಸಿಂದ 698 ಭಾರತೀಯರನ್ನ ಕೊಚ್ಚಿಗೆ ಕರ್ಕೊಂಡು ಬಂದಿದ್ದು ಇದೇ ಹಡಗು. ಹೆಸರು ಬದಲಾಯ್ತು, ದೇಶ ಬದಲಾಯ್ತು, ಸಿಕ್ಕಿಬಿದ್ದವರನ್ನ ಕರ್ಕೊಂಡು ಬರೋ ಕೆಲಸ ಮಾತ್ರ ಅದೇ.

ಪ್ರಶ್ನೆ: ಸಬ್‌ಮರೀನ್‌ಗೆಲ್ಲಾ ಮೀನಿನ ಹೆಸರು ಯಾಕೆ? (ಮಂಗಳೂರಿಂದ)

ಉತ್ತರ: ನೀರಲ್ಲಿರುತ್ತಲ್ಲ, ಅದಕ್ಕೇ! ಅಮೆರಿಕದಲ್ಲಿ ಮ್ಯಾಕರೆಲ್, ಅಂದ್ರೆ ಬಂಗುಡೆ, ಅಂತಾನೂ ಒಂದಿತ್ತು, ನಿಮ್ಮೂರವರಿಗೆ ಖುಷಿ ಆಗ್ಬಹುದು. 1970ರ ದಶಕದಲ್ಲಿ ಲಾಸ್ ಏಂಜಲಿಸ್ ಕ್ಲಾಸ್ (ಒಂದೇ ವಿನ್ಯಾಸದ ಸಬ್‌ಮರೀನ್‌ಗಳ ಗುಂಪು) ಬಂದಾಗ ಪದ್ಧತಿ ಬದಲಾಗಿ ಊರುಗಳ ಹೆಸರು ಶುರುವಾಯ್ತು. ಕಾರಣ ಕೇಳಿದ್ರೆ, ಅಣು ಸಬ್‌ಮರೀನ್‌ಗಳ ಪಿತಾಮಹ ಅಡ್ಮಿರಲ್ ರಿಕೋವರ್, ಮೀನುಗಳು ವೋಟ್ ಹಾಕಲ್ಲ ಅಂದಿದ್ರಂತೆ. ಕೊನೆಗೆ ಅದೇ ಕ್ಲಾಸಿನ ಒಂದಕ್ಕೆ, 709ಕ್ಕೆ, ಊರಿನ ಹೆಸರು ಬಿಟ್ಟು ಅವರದೇ ಹೆಸರಿಟ್ರು. ಅದು ನಿವೃತ್ತಿ ಆದ ಮೇಲೆ 2023ರಲ್ಲಿ ಕಮಿಷನ್ ಆದ 795ಕ್ಕೂ ಅವರದೇ ಹೆಸರು. ಮುಂದೆ ಬರೋ 804ರಿಂದ 807ರವರೆಗೆ ಬಾರ್ಬ್, ಟ್ಯಾಂಗ್, ವಾಹೂ, ಸಿಲ್ವರ್‌ಸೈಡ್ಸ್ ಅಂತ ಮತ್ತೆ ಮೀನಿನ ಹೆಸರೇ ಇಡ್ತಾ ಇದ್ದಾರೆ.