ವಾಹನ ಪ್ರಶ್ನೋತ್ತರ: ಟರ್ಬೊ ಇಲ್ಲದ ಡೀಸೆಲ್‌ಗೆ ಎಕ್ಸಾಸ್ಟ್ ಪೈಪ್ ಎಷ್ಟು ದಪ್ಪ ಬೇಕು?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಟರ್ಬೊ (ಹೊಗೆಯ ಬಲದಿಂದ ಇಂಜಿನ್ನಿಗೆ ಗಾಳಿ ತುರುಕುವ ಪಂಪು) ಇಲ್ಲದ ಹಳೆಯ ಡೀಸೆಲ್ ಕಾರು, ಜೀಪುಗಳ ಸೈಲೆನ್ಸರ್ ಬಗ್ಗೆಯೇ ಇದ್ದವು. ಒಂದೇ ವಿಷಯವಾದ್ದರಿಂದ ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನದು 2004ರ ಇಂಡಿಕಾ, ಟರ್ಬೊ ಇಲ್ಲದ 1.4 ಲೀಟರ್ ಡೀಸೆಲ್. ನಾಲ್ಕು ಜನ ಕೂತರೆ ಮುಳ್ಳೇರಿಯ ಕಡೆಯ ಚಡಾವುಗಳಲ್ಲಿ ಸೆಕೆಂಡ್ ಗೇರಿಗೆ ಇಳಿಸಲೇಬೇಕು. ಎರಡೂವರೆ ಇಂಚಿನ ಪೈಪ್ ಎಳೆದು, ಒಳಗೆ ತಡೆಯಿಲ್ಲದ ಸೈಲೆನ್ಸರ್ ಕೂರಿಸಿದರೆ ಪಿಕಪ್ ಬರುತ್ತದೆ ಎನ್ನುತ್ತಾರೆ ವರ್ಕ್‌ಶಾಪಿನವರು. ಹೌದೇ?
— ಬದಿಯಡ್ಕದ ಓದುಗರು

ಉತ್ತರ: ಎರಡೂವರೆ ಇಂಚು ಬೇಡವೇ ಬೇಡ. ಅದು ದೊಡ್ಡ ಟರ್ಬೊ ಇಂಜಿನ್‌ಗಳ ಅಳತೆ. ನಿಮ್ಮದಕ್ಕೆ ಹಾಕಿದರೆ ಖರ್ಚು, ತೂಕ ಮತ್ತು ಸದ್ದು ಮಾತ್ರ ಹೆಚ್ಚುತ್ತದೆ.

ಡೀಸೆಲ್ ಇಂಜಿನ್‌ಗೆ ಪೆಟ್ರೋಲಿನಂತೆ ಗಾಳಿ ತಡೆಯುವ ಥ್ರಾಟಲ್ ಇಲ್ಲ. ಸಿಲಿಂಡರು ಪ್ರತಿ ಸಲವೂ ಎಳೆಯಬಹುದಾದಷ್ಟು ಗಾಳಿ ಎಳೆಯುತ್ತದೆ; ಆ ಗಾಳಿಯಲ್ಲಿ ಹೊಗೆಯಿಲ್ಲದೆ ಎಷ್ಟು ಡೀಸೆಲ್ ಉರಿಯುತ್ತದೋ ಅಷ್ಟೇ ಶಕ್ತಿ. ಎಕ್ಸಾಸ್ಟ್ ಸುಧಾರಿಸಿದರೆ ಸಿಗುವುದು ಎರಡು ಲಾಭ. ಪಿಸ್ಟನ್ ಹೊಗೆಯನ್ನು ಹೊರದೂಡಲು ಪಡುವ ಶ್ರಮ ಕಡಿಮೆಯಾಗುತ್ತದೆ, ಸಿಲಿಂಡರಿನಲ್ಲಿ ಉಳಿಯುವ ಹಳೆ ಹೊಗೆಯೂ ಕಡಿಮೆಯಾಗುತ್ತದೆ. ಎರಡನೆಯದರಿಂದ ಪೆಟ್ರೋಲ್ ಕಾರಿಗೆ ಸಾಕಷ್ಟು ಲಾಭವುಂಟು, ಡೀಸೆಲ್‌ಗೆ ಇಲ್ಲ. ಕಂಪ್ರೆಷನ್ 9ಕ್ಕೆ 1 ಇರುವ ಪೆಟ್ರೋಲ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಅದು ಗುಡಿಸಿದ ಜಾಗದ ಎಂಟನೇ ಒಂದು ಪಾಲು. ಇಂಥ ಡೀಸೆಲ್‌ಗಳಲ್ಲಿ ಕಂಪ್ರೆಷನ್ 22ರ ಆಸುಪಾಸು. ಉಳಿಯುವ ಜಾಗ ಇಪ್ಪತ್ತೊಂದನೇ ಒಂದು. ಅಲ್ಲಿ ಸಿಕ್ಕಿಕೊಳ್ಳುವ ಹೊಗೆಯೇ ಅತ್ಯಲ್ಪ.

ಇನ್ನು ದೂಡುವ ಶ್ರಮ. 1.4 ಲೀಟರ್ ಇಂಜಿನ್ ನಿಮಿಷಕ್ಕೆ 4500 ಸುತ್ತಿನಲ್ಲಿರುವಾಗ ಪೈಪಿನಲ್ಲಿ 1.5 ಪಿಎಸ್‌ಐ (ಒತ್ತಡದ ಅಳತೆ) ಬ್ಯಾಕ್ ಪ್ರೆಶರ್, ಅಂದರೆ ಹೊಗೆ ಹೊರಹೋಗುವುದನ್ನು ತಡೆಯುವ ಹಿಮ್ಮುಖ ಒತ್ತಡ ಇದ್ದರೆ, ಅದರ ವಿರುದ್ಧ ದೂಡಲು ಹೋಗುವುದು ಸುಮಾರು 0.7 ಎಚ್‌ಪಿ. 3 ಪಿಎಸ್‌ಐ ಇದ್ದರೆ 1.4. ಸುತ್ತು ಅರ್ಧಕ್ಕೆ ಇಳಿದರೆ ಪ್ರೆಶರ್ ಹೆಚ್ಚುಕಡಿಮೆ ಕಾಲುಭಾಗವಾಗುತ್ತದೆ, ನಷ್ಟ ಎಂಟನೇ ಒಂದು ಪಾಲಿಗೆ ಬರುತ್ತದೆ. ಚಡಾವಿನಲ್ಲಿ ನೀವು ಥರ್ಡ್ ಗೇರಿನಲ್ಲಿ ಉಸಿರು ಕಟ್ಟುವುದು 2000–2500 ಸುತ್ತಿನಲ್ಲಿ. ಅಲ್ಲಿ ದಪ್ಪ ಪೈಪಿನಿಂದ ಸಿಗುವ ಲಾಭ ಕಾಲಿಗೆ ತಿಳಿಯುವಷ್ಟು ಇರುವುದಿಲ್ಲ. ಈಗಿನ ಪೈಪ್ ಎಲ್ಲೋ ಕಟ್ಟಿಕೊಂಡಿದ್ದರೆ ಮಾತ್ರ ಮಾತು ಬೇರೆ. ಇಪ್ಪತ್ತು ವರ್ಷದ ಕಾರಿನಲ್ಲಿ ಆ ಸಾಧ್ಯತೆ ಚೆನ್ನಾಗಿಯೇ ಇದೆ. ಆದ್ದರಿಂದ ಪೈಪ್ ಕೊಯ್ಯುವ ಮೊದಲು ಅಳೆಯಿರಿ.

ಅಳೆಯುವ ಕ್ರಮ ಹೀಗೆ. ಮ್ಯಾನಿಫೋಲ್ಡಿನ (ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಂದು ಪೈಪಿಗೆ ಕೂಡಿಸುವ ಭಾಗ) ಫ್ಲ್ಯಾಂಜಿನಿಂದ, ಅಂದರೆ ಬೋಲ್ಟ್ ಹಾಕುವ ಅಂಚಿನಿಂದ, 15–20 ಸೆಂ.ಮೀ. ಕೆಳಗೆ, ಮುಂದಿನ ಪೈಪಿನ ನೇರ ಭಾಗದಲ್ಲಿ 6 ಮಿ.ಮೀ. ತೂತು ಕೊರೆದು ಅದರ ಮೇಲೆ ಒಂದೆಂಟನೇ ಇಂಚಿನ ಸಾಕೆಟ್ ವೆಲ್ಡ್ ಮಾಡಿಸಿ. ತೂತಿನ ಒಳಬದಿಯಲ್ಲಿ ಎದ್ದ ಚೂಪು ಅಂಚನ್ನು (ಬರ್) ಅರದಿಂದ ತೆಗೆಯದಿದ್ದರೆ ರೀಡಿಂಗ್ ತಪ್ಪುತ್ತದೆ. ಫ್ರಿಜ್ ರಿಪೇರಿಯವರಲ್ಲಿ ಸಿಗುವ ಕಾಲು ಇಂಚಿನ ತಾಮ್ರದ ಪೈಪ್ ಒಂದೂವರೆ ಮೀಟರ್ ತಂದು, ನಡುವೆ ಎರಡು ಸುತ್ತು ಸುತ್ತಿ ಜೋಡಿಸಿ. ಹೊಗೆ ಅಲ್ಲೇ ತಣಿಯುತ್ತದೆ. ಆ ಬಳಿಕ ರಬ್ಬರ್ ಹೋಸ್, ತುದಿಗೆ 0–15 ಪಿಎಸ್‌ಐ ಗೇಜ್. ಮುಳ್ಳು ಒಂದೇ ಸಮನೆ ನಡುಗಿದರೆ ಹೋಸನ್ನು ಕ್ಲಿಪ್ಪಿನಿಂದ ತುಸು ಹಿಸುಕಿ. ನಿಂತಲ್ಲೇ ರೇಸ್ ಕೊಟ್ಟು ಅಳೆದರೆ ಪ್ರಯೋಜನವಿಲ್ಲ, ಲೋಡ್ ಬೇಕು. ಥರ್ಡ್ ಗೇರಿನಲ್ಲಿ ಪೆಡಲ್ ಪೂರ್ತಿ ಒತ್ತಿ 4000 ಸುತ್ತು ದಾಟಿಸಿ, ಪಕ್ಕದಲ್ಲಿ ಕೂತವರು ಗೇಜ್ ನೋಡಲಿ. ಪೆಟ್ರೋಲ್ ಕಾರಿಗೆ ಮಾಡುವ ವ್ಯಾಕ್ಯೂಮ್ ಗೇಜ್ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಥ್ರಾಟಲ್ ಇಲ್ಲದ ಕಡೆ ವ್ಯಾಕ್ಯೂಮ್ ಎಲ್ಲಿಂದ ಬರಬೇಕು?

1.5 ಪಿಎಸ್‌ಐ ಒಳಗಿದ್ದರೆ ಎಕ್ಸಾಸ್ಟನ್ನು ಮರೆತುಬಿಡಿ. 3ರ ತನಕ ಇದ್ದರೆ ಮುಂದಿನ ಸಲ ಸೈಲೆನ್ಸರ್ ಬದಲಿಸುವಾಗ ನೋಡಿದರಾಯಿತು. 5 ದಾಟಿದರೆ ಎಲ್ಲೋ ಕಟ್ಟಿದೆ. ಸೈಲೆನ್ಸರ್ ಹಿಂದಿನ ಜೋಡಣೆಯಿಂದ ಶುರುಮಾಡಿ ಒಂದೊಂದಾಗಿ ಬಿಚ್ಚುತ್ತಾ ಮತ್ತೆ ಅಳೆಯಿರಿ. ಯಾವ ತುಂಡು ಬಿಚ್ಚಿದಾಗ ಮುಳ್ಳು ಇಳಿಯಿತೋ ಕಳ್ಳ ಅದೇ. ಸಾಮಾನ್ಯವಾಗಿ ಸಿಗುವುದು ಇವು: ಕೆಂಪುಕಲ್ಲಿನ ದಾರಿಯಲ್ಲಿ ಅಡಿ ತಾಗಿ ಚಪ್ಪಟೆಯಾದ ಪೈಪ್, ಸೈಲೆನ್ಸರಿನೊಳಗೆ ಕಳಚಿ ಬಿದ್ದ ತಗಡು, ಎರಡು ಪದರದ ಪೈಪಿನಲ್ಲಿ ಕುಸಿದ ಒಳಪದರ. ಒಳಪದರ ಕುಸಿದದ್ದು ಹೊರಗಿನಿಂದ ಕಾಣುವುದೇ ಇಲ್ಲ. ಕೆಲಸ ಮುಗಿದ ಮೇಲೆ ಸಾಕೆಟ್ಟಿಗೆ ಪ್ಲಗ್ ಹಾಕಿ ಅಲ್ಲೇ ಬಿಡಿ.

ಹೊಸ ಪೈಪ್ ಹಾಕಲೇಬೇಕಾದರೆ ಗಾತ್ರ ಲೆಕ್ಕದಿಂದ ಬರಲಿ. ನಿಮ್ಮ ಇಂಜಿನ್ 4500 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 45 ಲೀಟರ್ ಗಾಳಿ ಎಳೆಯುತ್ತದೆ. ಬಿಸಿಯಾಗಿ ಹೊರಬರುವಾಗ ಅದು 120 ಲೀಟರ್. ಒಳವ್ಯಾಸ 38 ಮಿ.ಮೀ. ಇದ್ದರೆ ಹೊಗೆ ಸೆಕೆಂಡಿಗೆ 105 ಮೀಟರ್ ವೇಗದಲ್ಲಿ ಓಡಬೇಕು, 42 ಇದ್ದರೆ 87, 47 ಇದ್ದರೆ 69. 75ರ ಸುತ್ತಮುತ್ತ ಇದ್ದರೆ ಸರಿ. ಅಂದರೆ ಒಂದೂ ಮುಕ್ಕಾಲರಿಂದ ಎರಡು ಇಂಚಿನ ಹೊರವ್ಯಾಸ ಧಾರಾಳ ಸಾಕು. ಅದಕ್ಕಿಂತ ಮುಖ್ಯವಾದದ್ದು ಬೆಂಡ್. ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿ ಬಗ್ಗಿಸಿದ ಪೈಪ್ ಮೂಲೆಯಲ್ಲಿ ಸುಕ್ಕಾಗಿ, ಎರಡು ಇಂಚಿನದು ಅಲ್ಲಿ ಒಂದೂ ಮುಕ್ಕಾಲಕ್ಕೂ ಕಡಿಮೆಯಾಗುತ್ತದೆ. ರೆಡಿ ಬೆಂಡ್ ತಂದು ವೆಲ್ಡ್ ಮಾಡಿಸುವುದು ಒಳ್ಳೆಯದು. ಮರಳು ತುಂಬಿ ಕಾಯಿಸಿ ಬಗ್ಗಿಸುವವರು ಈಗಲೂ ಇದ್ದಾರೆ, ಆ ಕೆಲಸವೂ ಚೆನ್ನ. ಆದರೆ ಮರಳು ಹುರಿದು ಒಣಗಿಸಿದ್ದೇ ಆಗಬೇಕು. ಪಸೆಯಿದ್ದರೆ ಹಬೆ ಕಟ್ಟಿ ಬಿರಡೆ ಗುಂಡಿನಂತೆ ಹಾರುತ್ತದೆ.

ಪ್ರಶ್ನೆ: ಪ್ಯೂಜೊ ಎಕ್ಸ್‌ಡಿ3ಪಿ ಇಂಜಿನ್ನಿನ ಜೀಪ್. ದಿಂಬಂ ಘಾಟಿಯ 27 ತಿರುವು ಹತ್ತುವುದರೊಳಗೆ ಸೋತುಹೋಗುತ್ತದೆ. ನಾಲ್ಕು ಪೈಪ್ ಎರಡಾಗಿ, ಎರಡು ಒಂದಾಗುವ ಹೆಡರ್ ಮಾಡಿಸಲೇ?
— ತಾಳವಾಡಿಯ ಓದುಗರು

ಉತ್ತರ: ಮಾಡಿಸಬೇಡಿ. ಹೆಡರ್ ಕೆಲಸ ಮಾಡುವುದು ಪೈಪಿನ ಉದ್ದದಿಂದ. ಹೊಗೆಯ ಅಲೆ ಹೋಗಿ ಹಿಂದಿರುಗಿ, ವಾಲ್ವ್ ಮುಚ್ಚುವ ಹೊತ್ತಿಗೆ ಸರಿಯಾಗಿ ಅಲ್ಲಿರಬೇಕು. 6000 ಸುತ್ತಿನ ಪೆಟ್ರೋಲ್ ಇಂಜಿನ್ನಿಗೆ ಎರಡೂವರೆ ಅಡಿಯೊಳಗೆ ಅದು ಕೂಡಿಬರುತ್ತದೆ. 3500 ಸುತ್ತಿಗೆ ಹೊಂದಿಸಲು ಹತ್ತಿರಹತ್ತಿರ ನಾಲ್ಕೂವರೆ ಅಡಿ ಬೇಕು. ನೀವು ಘಾಟಿ ಹತ್ತುವ 2000ಕ್ಕೆ ಇನ್ನೂ ಉದ್ದ. ಬಾನೆಟ್ಟಿನೊಳಗೆ ಅಷ್ಟು ಜಾಗ ಎಲ್ಲಿದೆ? ಗಿಡ್ಡದಾಗಿ ಮಾಡಿದ ಹೆಡರ್ ನೋಡಲು ಚೆಂದ, ಅಷ್ಟೇ. ಮೇಲಾಗಿ ಐಡಲಿಂಗಿನಲ್ಲಿ ಡೀಸೆಲ್ ನಡುಗುವ ನಡುಕಕ್ಕೆ ತೆಳು ಪೈಪ್ ಫ್ಲ್ಯಾಂಜಿನ ವೆಲ್ಡಿಂಗ್ ಬುಡದಲ್ಲೇ ಬಿರುಕು ಬಿಡುತ್ತದೆ.

ಬೀಡು ಕಬ್ಬಿಣದ ಹಳೆ ಮ್ಯಾನಿಫೋಲ್ಡೇ ಇರಲಿ, ಅದನ್ನು ಸರಿಯಾಗಿ ಕೂರಿಸಿ. ಬಿಚ್ಚುವ ಹಿಂದಿನ ರಾತ್ರಿ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಸ್ಟಡ್ ಹೆಡ್ಡಿನೊಳಗೆ ಮುರಿದರೆ ಅರ್ಧ ದಿನದ ಕೆಲಸ ನಾಲ್ಕು ದಿನಕ್ಕೆ ಹೋಗುತ್ತದೆ. ಹೊರಬಂದ ಮ್ಯಾನಿಫೋಲ್ಡಿನ ಮುಖಕ್ಕೆ ಉಕ್ಕಿನ ಸ್ಕೇಲ್ ಅಡ್ಡ ಇಟ್ಟು ಫೀಲರ್ ಗೇಜ್ ಹಾಯಿಸಿ. 0.2 ಮಿ.ಮೀ. ಎಲೆ ಒಳನುಗ್ಗಿದರೆ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ, ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ ಕೂಡ ಸುಡುತ್ತದೆ. ಗ್ಯಾಸ್ಕೆಟನ್ನು ಹೆಡ್ಡಿನ ಮೇಲಿಟ್ಟು ನೋಡಿ: ಅದರ ಅಂಚು ಪೋರ್ಟಿನೊಳಗೆ ಇಣುಕಬಾರದು. ಮ್ಯಾನಿಫೋಲ್ಡಿನ ಬಾಯಿ ಹೆಡ್ಡಿನ ಬಾಯಿಗಿಂತ ಸುತ್ತಲೂ ಒಂದು ಮಿ.ಮೀ. ದೊಡ್ಡದಿದ್ದರೆ ಅಡ್ಡಿಯಿಲ್ಲ, ಚಿಕ್ಕದಿದ್ದರೆ ಹೊಗೆ ಆ ಮೆಟ್ಟಿಲಿಗೆ ಬಡಿಯುತ್ತದೆ, ಅಲ್ಲಿ ಗ್ರೈಂಡರ್ ಆಡಿಸಿ. ನಟ್‌ಗಳನ್ನು ನಡುವಿನಿಂದ ಎರಡೂ ತುದಿಗಳತ್ತ ಬಿಗಿಯುತ್ತಾ ಹೋಗಿ. ಒಮ್ಮೆ ಚೆನ್ನಾಗಿ ಬಿಸಿಯಾಗಿ ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಮುಂದೆ ಪೈಪ್ ಬದಲಿಸುವಾಗ ನಿಮ್ಮ 2.5 ಲೀಟರಿಗೆ ಎರಡೂಕಾಲು ಇಂಚು ಸರಿ.

ಘಾಟಿಯ ವಿಚಾರಕ್ಕೆ ಬಂದರೆ, ಪ್ರತಿ 100 ಮೀಟರ್ ಏರಿದಂತೆ ಗಾಳಿ ಸುಮಾರು ಶೇ 1ರಷ್ಟು ತೆಳುವಾಗುತ್ತದೆ. ದಿಂಬಂ ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನಲ್ಲಿದೆ. ಮೇಲೆ ಹತ್ತನೇ ಒಂದು ಪಾಲು ಗಾಳಿಯೇ ಇರುವುದಿಲ್ಲ. ಇದನ್ನು ತುಂಬಿಕೊಡುವುದು ಟರ್ಬೊ ಮಾತ್ರ, ಯಾವ ಪೈಪೂ ಅಲ್ಲ.

ಪ್ರಶ್ನೆ: ಎಕ್ಸಾಸ್ಟಿನಲ್ಲಿ ಸ್ವಲ್ಪ ಬ್ಯಾಕ್ ಪ್ರೆಶರ್ ಇರಲೇಬೇಕು, ಇಲ್ಲದಿದ್ದರೆ ಎಳೆತ ಕಡಿಮೆಯಾಗುತ್ತದೆ ಎನ್ನುತ್ತಾರೆ. ಮತ್ತೆ ಕೆಲವರು ಸೈಲೆನ್ಸರನ್ನೇ ತೆಗೆದು ಓಡಿಸು ಎನ್ನುತ್ತಾರೆ. ಯಾವುದು ಸರಿ?
— ಜತ್ತದ ಓದುಗರು

ಉತ್ತರ: ಎರಡೂ ಅಲ್ಲ. ಟರ್ಬೊ ಇಲ್ಲದ ಡೀಸೆಲ್‌ಗೆ ಬ್ಯಾಕ್ ಪ್ರೆಶರಿನಿಂದ ಯಾವ ಉಪಕಾರವೂ ಇಲ್ಲ. ಲಾರಿಗಳು ಇಳಿಜಾರಿನಲ್ಲಿ ಬಳಸುವ ಎಕ್ಸಾಸ್ಟ್ ಬ್ರೇಕ್ ಎಂದರೆ ಪೈಪಿಗೆ ಅಡ್ಡ ಮುಚ್ಚಳ ಹಾಕಿ ಬ್ಯಾಕ್ ಪ್ರೆಶರ್ ಬರಿಸುವುದೇ. ಅದು ಗಾಡಿಯನ್ನು ತಡೆಯುತ್ತದೆ. ಹಾಗೆಂದು ಸೈಲೆನ್ಸರ್ ತೆಗೆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮ 120ರ ಪ್ರಕಾರ ತಪ್ಪು, ದಂಡ ಖಚಿತ. ಒಳ್ಳೆಯ ನೇರ ತೂತಿನ ಸೈಲೆನ್ಸರಿನಲ್ಲಿ ತಡೆ ಹೇಗೂ ಅತ್ಯಲ್ಪ. ಕೊಳ್ಳುವಾಗ ಡಬ್ಬದ ಗಾತ್ರ ಇಂಜಿನ್ ಸಿಸಿಯ ಐದಾರು ಪಟ್ಟಾದರೂ ಇರಲಿ. ಒಳಗೆ ಬರಿ ಗಾಜಿನ ಉಣ್ಣೆ ತುಂಬಿದ್ದನ್ನು ಬಿಡಿ. ಡೀಸೆಲ್ ಮಸಿ ಅದನ್ನು ಬೇಗ ಗಟ್ಟಿಸುತ್ತದೆ. ತೂತಿನ ನಳಿಗೆಗೆ ಮೊದಲು ಸ್ಟೀಲ್ ಉಣ್ಣೆಯ ಪದರ ಸುತ್ತಿದ್ದು ಹೆಚ್ಚು ಬಾಳುತ್ತದೆ. ನಿಮ್ಮ ಕಡೆಯ ಧೂಳಿನಲ್ಲಿ ಎಳೆತ ಕಡಿಮೆಯಾಯಿತೆಂದರೆ ಮೊದಲು ನೋಡಬೇಕಾದ್ದು ಹಿಂದಿನ ಪೈಪಲ್ಲ, ಏರ್ ಫಿಲ್ಟರು.

ಪ್ರಶ್ನೆ: ಮನೆ ಕಡಲ ಪಕ್ಕ. ಸೈಲೆನ್ಸರ್ ಎರಡು ಮಳೆಗಾಲ ದಾಟುವುದಿಲ್ಲ, ಒಳಗಿಂದಲೇ ತೂತಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಿದರೆ ಹೇಗೆ?
— ಮಂಜೇಶ್ವರದ ಓದುಗರು

ಉತ್ತರ: ಮಾಡಿಸಬಹುದು. ಇಡೀ ಎಕ್ಸಾಸ್ಟಿಗೆ ಹಣ ಹಾಕುವುದಾದರೆ ಅದಕ್ಕೆ ಇದೇ ಒಳ್ಳೆಯ ಕಾರಣ. ಉಪ್ಪುಗಾಳಿ ಹೊರಗಿನಿಂದ ತಿನ್ನುವುದು ನಿಜ, ಆದರೆ ಒಳಗಿನ ವೈರಿ ನೀರು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹಬೆಯಾಗಿ ಹೊರಬರುತ್ತದೆ. ಉಪ್ಪಳದ ಪೇಟೆಗೆ ಹೋಗಿ ಬರುವಷ್ಟರ ಓಡಾಟದಲ್ಲಿ ಹಿಂದಿನ ಡಬ್ಬ ಬಿಸಿಯೇ ಆಗುವುದಿಲ್ಲ. ಹಬೆ ಅಲ್ಲೇ ನೀರಾಗಿ, ಮಸಿಯೊಂದಿಗೆ ಸೇರಿ ತಳದಲ್ಲಿ ನಿಲ್ಲುತ್ತದೆ. 2020ರ ಏಪ್ರಿಲ್‌ನಿಂದ ಡೀಸೆಲ್ಲಿನ ಗಂಧಕ 10 ಪಿಪಿಎಂಗೆ ಇಳಿದದ್ದರಿಂದ ಆಮ್ಲದ ಕಾಟ ಮೊದಲಿನಷ್ಟಿಲ್ಲ, ನೀರಿನ ಕಾಟ ಹಾಗೇ ಇದೆ. ಯಾವ ಲೋಹದ್ದಾದರೂ ಡಬ್ಬದ ತೀರಾ ತಗ್ಗಿನ ಜಾಗದಲ್ಲಿ 3 ಮಿ.ಮೀ. ತೂತು ಒಂದು ಇರಲಿ. ಮಳೆಗಾಲದಲ್ಲಿ ಅದಕ್ಕೆ ಆಗಾಗ ತಂತಿ ಹಾಯಿಸಿ.

ಸ್ಟೇನ್‌ಲೆಸ್‌ನಲ್ಲಿ 409 ಗ್ರೇಡ್ ಅಗ್ಗ, ಆದರೆ ಕಡಲ ಬದಿಯಲ್ಲಿ ಬೇಗ ಕಂದಾಗುತ್ತದೆ. 304 ತೆಗೆದುಕೊಳ್ಳಿ, ದಪ್ಪ 1.5 ಮಿ.ಮೀ. ಹಳೆಯ ಕಬ್ಬಿಣದ ಫ್ಲ್ಯಾಂಜಿಗೆ ಸ್ಟೇನ್‌ಲೆಸ್ ಬೆಸೆಯುವಾಗ 309ಎಲ್ ರಾಡ್ ಬಳಸಲು ಹೇಳಿ. ಸಾಮಾನ್ಯ ರಾಡಿನಲ್ಲಿ ಬೆಸೆದರೆ ಜೋಡಣೆಯಲ್ಲೇ ಸೀಳುತ್ತದೆ. ಇನ್ನೊಂದನ್ನು ಹಲವರು ಮರೆಯುತ್ತಾರೆ. 304 ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಎರಡೂವರೆ ಮೀಟರ್ ಪೈಪ್ 300 ಡಿಗ್ರಿ ಬಿಸಿಯೇರಿದರೆ ಕಬ್ಬಿಣದ್ದು 9 ಮಿ.ಮೀ., 304 ಆದರೆ 13 ಮಿ.ಮೀ. ಉದ್ದವಾಗುತ್ತದೆ. ಎರಡೂ ತುದಿ ಬಿಗಿದಿಟ್ಟರೆ ಬಿರುಕು ಗ್ಯಾರಂಟಿ. ಮುಂದೆ ಒಂದು ಫ್ಲೆಕ್ಸ್ ಬೆಲ್ಲೋಸ್ (ಬಾಗುವ ನೆರಿಗೆ ಪೈಪ್), ಹಿಂದೆ ರಬ್ಬರ್ ಹ್ಯಾಂಗರ್ ಇರಲಿ. ಇಡೀ ಪೈಪನ್ನು ಒಂದೇ ತುಂಡಾಗಿ ಬೆಸೆಯದೆ ನಡುವೆ ಒಂದು ಫ್ಲ್ಯಾಂಜ್ ಬಿಡಿ, ಗೇರ್‌ಬಾಕ್ಸ್ ಇಳಿಸುವ ದಿನ ಉಪಯೋಗಕ್ಕೆ ಬರುತ್ತದೆ. ಡೀಸೆಲ್ ಲೈನಿನಿಂದ ಪೈಪ್ ಕನಿಷ್ಠ 35 ಮಿ.ಮೀ. ದೂರ ಇರಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮ 113; ಎರಡು ಬೆರಳು ಹೆಚ್ಚಾದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಹೊಸ ಎಕ್ಸಾಸ್ಟ್ ಹಾಕಿಸಿದ ಮೇಲೆ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚು ಮಾಡಿಸಿದೆ. ಎಳೆತ ಬಂತು, ಹಿಂದೆಯೇ ಕಪ್ಪು ಹೊಗೆಯೂ ಬಂತು.
— ಮಡಕಶಿರದ ಓದುಗರು

ಉತ್ತರ: ಸ್ಕ್ರೂ ಜಾಸ್ತಿ ತಿರುಗಿದೆ. ಪೈಪಿನಿಂದ ಸಿಕ್ಕ ಗಾಳಿ ಶೇ ಎರಡು ಮೂರು. ಡೀಸೆಲ್ ಹೆಚ್ಚಿಸಬಹುದಾದ್ದೂ ಅಷ್ಟೇ. ರೋಟರಿ ಪಂಪಿನಲ್ಲಿ ಮ್ಯಾಕ್ಸಿಮಮ್ ಫ್ಯೂಯಲ್ ಸ್ಕ್ರೂವನ್ನು ಒಮ್ಮೆಗೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಮೊದಲಿದ್ದ ಗುರುತಿಗೆ ಹಿಂದಿರುಗಿಸಿ, ಅಲ್ಲಿಂದ ಚೂರುಚೂರೇ ಮುಂದೆ ಬನ್ನಿ. ಚಡಾವಿನಲ್ಲಿ ಪೂರ್ತಿ ಪೆಡಲಿಗೆ ಕನ್ನಡಿಯಲ್ಲಿ ತೆಳು ಮಬ್ಬು ಕಂಡ ಕೂಡಲೇ ಅರ್ಧ ಹೆಜ್ಜೆ ಹಿಂದೆ ಹೋಗಿ ನಿಲ್ಲಿಸಿ. ಮೂಲ ಗುರುತಿನಲ್ಲೂ ಕಪ್ಪು ಹೊಗೆ ಇದ್ದರೆ ನೋಜಲ್‌ಗಳನ್ನು ಟೆಸ್ಟ್ ಬೆಂಚಿಗೆ ಹಾಕಿಸಿ, ವಾಲ್ವ್ ಕ್ಲಿಯರೆನ್ಸ್ ಮತ್ತು ಪಂಪ್ ಟೈಮಿಂಗ್ ನೋಡಿಸಿ. ಬಿಎಸ್4 ಮಾಲಿನ್ಯ ಮಾನದಂಡಕ್ಕೆ ಹಿಂದಿನ ಗಾಡಿಗೆ ಹೊಗೆ ಪರೀಕ್ಷೆಯಲ್ಲಿ 65 ಹಾರ್ಟ್‌ರಿಜ್ (ಹೊಗೆಯ ದಟ್ಟಣೆಯ ಅಳತೆ) ತನಕ ಮಾತ್ರ ಅವಕಾಶ, ಬಿಎಸ್4ಕ್ಕೆ 50. ಬೇಕೆಂದೇ ಕಪ್ಪು ಹೊಗೆ ಬಿಟ್ಟು ಓಡಿಸಿದರೆ ಉರಿಯುವ ಡೀಸೆಲ್ ಪಿಸ್ಟನ್ ತಲೆಯನ್ನೂ ಪ್ರಿ-ಚೇಂಬರಿನ (ಡೀಸೆಲ್ ಮೊದಲು ಹೊತ್ತಿಕೊಳ್ಳುವ ಪುಟ್ಟ ಕೋಣೆ) ಬಾಯಿಯನ್ನೂ ಸುಡುತ್ತದೆ. ಇಂಜಿನ್ ಆಯಿಲ್ ಬೇಗ ಮಸಿಯಾಗುತ್ತದೆ.

ಪ್ರಶ್ನೆ: ಎಕ್ಸಾಸ್ಟಿಗೆ ಶಾಖ ತಡೆಯುವ ಪಟ್ಟಿ ಸುತ್ತಿದರೆ ಲಾಭವಿದೆಯೇ?
— ಹೊಸೂರಿನ ಓದುಗರು

ಉತ್ತರ: ಟರ್ಬೊ ಇಲ್ಲದ ಡೀಸೆಲ್‌ನಲ್ಲಿ ಎಳೆತಕ್ಕೇನೂ ಇಲ್ಲ. ಕಬ್ಬಿಣದ ಪೈಪಿಗೆ ಸುತ್ತಿದರೆ ಪಟ್ಟಿ ಮಳೆನೀರು ಹೀರಿ ಹಿಡಿದಿಟ್ಟು ತುಕ್ಕು ಬರಿಸುತ್ತದೆ, ಬೀಡು ಮ್ಯಾನಿಫೋಲ್ಡಿಗೆ ಸುತ್ತಿದರೆ ಬಿರುಕು ಬಿಡುವ ಭಯ. ಸ್ಟಾರ್ಟರ್ ಮೋಟಾರಿಗೋ ವೈರಿಂಗಿಗೋ ಬಿಸಿ ತಾಗುತ್ತಿದ್ದರೆ ನಡುವೆ ತಗಡಿನ ಮರೆಯೊಂದನ್ನು, ಪೈಪಿಗೂ ಅದಕ್ಕೂ 10 ಮಿ.ಮೀ. ಅಂತರ ಬಿಟ್ಟು, ಬೋಲ್ಟ್ ಮಾಡಿಸಿ.