ಶುಗರ್ ಇಲ್ಲದವನಿಗೆ ಶುಗರಿನ ಇಂಜೆಕ್ಷನ್ ಯಾಕೆ?

ಹಾರ್ಟಿನ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಆಗಿದೆ, ಶುಗರ್ ಇಲ್ಲ, ತೂಕ ನೂರು ದಾಟಿದೆ, ಡಾಕ್ಟ್ರು ಸೆಮಾಗ್ಲುಟೈಡ್ ಬರ್ದಿದ್ದಾರೆ, ಇದು ಶುಗರಿನವರ ಮದ್ದಲ್ವಾ ಅಂತ ಕೇಳಿದ್ದೀರಿ. ನಂದೂ ಇದೇ ಕಥೆ ಮಾರಾಯ್ರೆ. ನಾನು ಡಾಕ್ಟ್ರಲ್ಲ, ಬದಿಯಡ್ಕದ ಹತ್ರ ಅಡಿಕೆ ತೋಟ ಉಂಟು ಅಷ್ಟೆ. ಮಂಗಳೂರಿಂದ ಐಸ್ ಪ್ಯಾಕ್ ಹಾಕಿ ಬಸ್ಸಲ್ಲಿ ತಂದು ಫ್ರಿಜ್ಜಲ್ಲಿ ಹಾಲಿನ ಪ್ಯಾಕೆಟಿನ ಬದಿಗೆ ಇಟ್ಟಿದ್ದೆ, ಅಮ್ಮ ನೋಡಿ "ನಿಂಗೆ ಯಾವಾಗ ಶುಗರ್ ಬಂತು?" ಅಂತ ಗಾಬರಿ, ಸಂಜೆಯೊಳಗೆ ಅತ್ತಿಗೆಗೂ ಫೋನ್ ಹೋಗಿತ್ತು.

ಶುಗರಿಗೆ ಅಂತಲೇ ಬಂದ ಮದ್ದು, ಅದು ಹೌದು. ಆದ್ರೆ ಸೆಲೆಕ್ಟ್ ಅಂತ ಒಂದು ಟ್ರಯಲ್ ಮಾಡಿದ್ರು, ರಿಸಲ್ಟ್ ಬಂದದ್ದು 2023ರಲ್ಲಿ. 17,604 ಜನ, ಎಲ್ರೂ 45 ಆದವ್ರು, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 27 ಅಥವಾ ಜಾಸ್ತಿ, ಮೊದಲೇ ಹಾರ್ಟ್ ಅಟ್ಯಾಕೋ ಸ್ಟ್ರೋಕೋ ಕಾಲಿನ ರಕ್ತನಾಳದ ಬ್ಲಾಕೋ ಇದ್ದವ್ರು, ಶುಗರ್ ಕಾಯಿಲೆ ಇಲ್ಲದವ್ರನ್ನೇ ತಗೊಂಡದ್ದು. ಅಂದ್ರೆ ನಮ್ಮ ಹಾಗಿನವ್ರೇ. ವಾರಕ್ಕೊಂದು ಸೂಜಿ, 2.4 ಮಿಲಿಗ್ರಾಂ. ಮೂರು ವರ್ಷದ ಮೇಲೆ ನೋಡಿದಾಗ ಮದ್ದಿಲ್ಲದ ಸೂಜಿ ಚುಚ್ಚಿಕೊಂಡವರಲ್ಲಿ ನೂರಕ್ಕೆ 8 ಜನರಿಗೆ ಹೃದಯ-ರಕ್ತನಾಳದ ಕಾಯಿಲೆಯಿಂದ ಸಾವು, ಅಟ್ಯಾಕ್ ಇಲ್ಲಾ ಸ್ಟ್ರೋಕ್ ಆಗಿತ್ತು, ಮದ್ದು ತಗೊಂಡವರಲ್ಲಿ 6.5. ಪೇಪರಲ್ಲಿ 20 ಪರ್ಸೆಂಟ್ ಕಮ್ಮಿ ಅಂತ ಬರ್ತದಲ್ಲ, ಅದು ಇದೇ ಲೆಕ್ಕ, ಬಿಡಿಸಿ ನೋಡಿದ್ರೆ ನೂರಕ್ಕೆ ಒಂದೂವರೆ ಜನ. ಸಣ್ಣದಾಯ್ತು ಅಂತೀರೋ ಏನೋ, ನಂಗಂತೂ ಆ ಒಂದೂವರೆಯಲ್ಲಿ ನಾನೂ ಇರ್ಬಹುದಲ್ಲ ಅನ್ನಿಸ್ತು. ತೂಕ ಇಳಿದದ್ದರಿಂದ ಮಾತ್ರ ಬಂದ ಲಾಭವೂ ಅಲ್ವಂತೆ.

ಹೊಟ್ಟೆದ್ದು ಮಾತ್ರ ಕೇಳ್ಬೇಡಿ. ಶುರುವಿಗೆ 0.25 ಕೊಟ್ಟು ತಿಂಗಳಿಗೊಮ್ಮೆ ಏರಿಸ್ತಾರೆ, ಆದ್ರೂ ಡೋಸ್ ಏರಿದ ವಾರ ಒಂದು ಮದುವೆಗೆ ಹೋಗಿ ಎರಡನೇ ಹೋಳಿಗೆಗೆ ತುಪ್ಪ ಹಾಕಿಸ್ಕೊಂಡೆ ನೋಡಿ, ಪಾಯಸ ಬರುವ ಮೊದಲೇ ಎದ್ದು ಬಾಳೆ ಬುಡಕ್ಕೆ ಓಡಿದ್ದು. ಮದ್ದು ಹೊಟ್ಟೆ ಖಾಲಿಯಾಗೋದನ್ನೇ ನಿಧಾನ ಮಾಡ್ತದೆ, ಹಾಗಾಗಿ ಈಗ ಕುಚ್ಚಲಕ್ಕಿ ಗಂಜಿ ಅರ್ಧ ಬಟ್ಟಲು, ಸಾಕಾಗ್ತದೆ.

ಇನ್ನೊಂದು, ನಾನು ಮಾಡಿದ ದಡ್ಡ ಕೆಲಸ ನೀವು ಮಾಡ್ಬೇಡಿ. ಹೇಗೂ ಸೂಜಿ ಉಂಟಲ್ಲ ಅಂತ ಕೊಲೆಸ್ಟ್ರಾಲಿನ ಮಾತ್ರೆ ಬಿಟ್ಟಿದ್ದೆ, ಎರಡು ತಿಂಗಳು, ಡಾಕ್ಟ್ರ ಬೈಗಳು ಇನ್ನೂ ಕಿವಿಯಲ್ಲಿ ಉಂಟು. ಸ್ಟೆಂಟಿನ ಮಾತ್ರೆಗಳ ಜೊತೆಗೆ ಇದು, ಅದರ ಬದಲಿಗೆ ಅಲ್ಲ. ಮನೆಯಲ್ಲಿ ಯಾರಿಗಾದ್ರೂ ಥೈರಾಯ್ಡ್ ಕ್ಯಾನ್ಸರ್ ಆಗಿದ್ರೆ, ನಿಮ್ಗೇ ಹಿಂದೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಊದಿದ್ದಿದ್ರೆ ಮೊದಲ ಸೂಜಿಗೆ ಮುಂಚೆಯೇ ಹೇಳಿ, ನಂಗೆ ಅದನ್ನೆಲ್ಲ ಕೇಳಿಯೇ ಬರ್ದುಕೊಟ್ಟದ್ದು.