ಹಳೇ ಬುಲೆಟ್‌ಗೆ ಸೈಡ್‌ಕಾರ್ ಹಾಕಿಸಿದರೆ ಓಡಿಸೋದು ಕಷ್ಟವಾ? ಮಂಡಿನೋವಿರುವ ಅಪ್ಪನನ್ನು ಕೂರಿಸಿಕೊಂಡು ಓಡಾಡಬಹುದಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು ಸಾರ್, ತಪ್ಪು ತಿಳಿಯಬೇಡಿ. ನಾನೂ ಸೈಡ್‌ಕಾರ್ ಗಾಡಿ ತಗೊಂಡಿದ್ದು ಅಮ್ಮನ ಮಂಡಿನೋವಿಗೆ ಅಂತಲೇ. ಎಂಟು ವರ್ಷವಾಯಿತು. ಮೈಸೂರಿನಲ್ಲಿದ್ದೇನೆ. 1984ರ ಬುಲೆಟ್ 350, ಎಡಗಡೆ ಸೈಡ್‌ಕಾರ್, ಅಂದರೆ ಬೈಕಿನ ಪಕ್ಕಕ್ಕೆ ಜೋಡಿಸಿದ, ಒಂದೇ ಚಕ್ರದ ಕೂರುವ ತೊಟ್ಟಿ. ಅಮ್ಮನ ಕತೆ ಕೊನೆಗೆ ಹೇಳುತ್ತೇನೆ. ಮೊದಲು ಓಡಿಸುವ ವಿಚಾರ.

ಇಪ್ಪತ್ತು ವರ್ಷ ಬುಲೆಟ್ ಓಡಿಸಿದವನು, ಇದೇನು ಮಹಾ ಅಂದುಕೊಂಡು ಹತ್ತಿದೆ. ಮನೆಯಿಂದ ಮೂರನೇ ತಿರುವು, ಎಡಕ್ಕೆ. ವೇಗ ಮೂವತ್ತೂ ಇರಲಿಲ್ಲ. ಪಕ್ಕದ ಖಾಲಿ ಸೈಡ್‌ಕಾರ್ ಗೇಣುದ್ದ ಮೇಲೆದ್ದಿತು. ಗಾಬರಿಯಾಗಿ ಹ್ಯಾಂಡಲ್ ಬಲಕ್ಕೆ ಎಳೆದೆ. ಚಕ್ರವೇನೋ ಕೆಳಗೆ ಕೂತಿತು, ಗಾಡಿ ಮಾತ್ರ ರಸ್ತೆ ದಾಟಿ ಎದುರುಗಡೆಯ ಎಳನೀರು ರಾಶಿಯ ಮುಂದೆ ಹೋಗಿ ನಿಂತಿತು. ಎಳನೀರಿನವನು ಮಚ್ಚು ಎತ್ತಿಕೊಂಡು 'ಗಂಜಿನಾ ನೀರಾ ಸಾರ್' ಅಂದ. ಎರಡು ಕುಡಿದೆ. ಕೈ ನಡುಗೋದು ನಿಲ್ಲಬೇಕಿತ್ತಲ್ಲ.

ಆಗಿದ್ದು ಇಷ್ಟೇ. ಬೈಕನ್ನು ನಾವು ವಾಲಿಸಿ ತಿರುಗಿಸುತ್ತೇವೆ. ಇದು ವಾಲುವುದಿಲ್ಲ, ಆಟೋ ಥರ ಹ್ಯಾಂಡಲ್ ತಿರುಗಿಸಿಯೇ ಹೋಗಬೇಕು. ಎಡಕ್ಕೆ ತಿರುಗಿದಾಗ ಭಾರ ಬಲಕ್ಕೆ ಹೋಗುತ್ತದೆ, ಹಗುರಾದ ಎಡಗಡೆ ಏಳುತ್ತದೆ. ಹಾಗೆ ಎದ್ದ ಕ್ಷಣದಲ್ಲಿ ಹ್ಯಾಂಡಲ್ ನೇರ ಮಾಡಲು ಕೈ ತಾನಾಗಿಯೇ ಹೋಗುತ್ತದೆ. ಹೋದರೆ ಎದುರು ಬರುವವರ ಮೇಲೆ ಹೋಗುತ್ತೀರಿ. ಅದಕ್ಕೇ ತಿರುವಿಗೆ ಮೊದಲೇ ವೇಗ ಇಳಿಸಿ, ಮೈಯನ್ನು ಸೈಡ್‌ಕಾರ್ ಕಡೆಗೆ ವಾಲಿಸಿ. ಬಲಕ್ಕೆ ತಿರುಗುವಾಗ ಸೈಡ್‌ಕಾರ್ ಊರುಗೋಲಿನಂತೆ ಹಿಡಿದುಕೊಳ್ಳುತ್ತದೆ, ಆ ಕಡೆ ಭಯ ಕಡಿಮೆ. ಹಾಗಂತ ನುಗ್ಗಿದರೆ ಸೈಡ್‌ಕಾರ್ ಮೂತಿ ಕೆಳಗಿಟ್ಟು ಹಿಂದಿನ ಚಕ್ರ ಎತ್ತಿಬಿಡುತ್ತದೆ.

ಆಕ್ಸಿಲರೇಟರ್ ಕೊಟ್ಟರೆ ಗಾಡಿ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಾಕಿದರೆ ಬಲಕ್ಕೆ. ಜೋಡೆತ್ತಿನಲ್ಲಿ ಎಡಗಡೆಯದು ಮೊಂಡು ಅಂದುಕೊಳ್ಳಿ. ಹೊರಡು ಅಂದರೆ ಹಿಂದೆ ಉಳಿಯುತ್ತದೆ, ನಿಲ್ಲು ಅಂದರೆ ನಿಲ್ಲದೆ ಮುಂದೆ ನುಗ್ಗುತ್ತದೆ. ನನ್ನ ಸೈಡ್‌ಕಾರ್ ಚಕ್ರಕ್ಕೆ ಬ್ರೇಕ್ ಇಲ್ಲ. ಜೊತೆಗೆ ನಮ್ಮ ರಸ್ತೆಗಳು ನಡುವೆ ಉಬ್ಬಿ ಅಂಚಿಗೆ ಇಳಿಜಾರು ಇರುತ್ತವಲ್ಲ, ಅದೂ ಎಡಕ್ಕೇ ಎಳೆಯುತ್ತದೆ. ಐವತ್ತು ಕಿಲೋಮೀಟರ್ ಹೋಗಿ ಬಂದ ಸಂಜೆ ಭುಜ ಮುಟ್ಟಿಸಿಕೊಳ್ಳೋಕಾಗಲ್ಲ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ನಿಲ್ಲಿಸುವಾಗ ಕಾಲು ನೆಲಕ್ಕೆ ಇಡಬೇಡಿ. ಸಿಗ್ನಲ್ ಬಂದರೆ ಎಡಗಾಲು ಕೆಳಗಿಡುವುದು ನಮ್ಮೆಲ್ಲರ ಅಭ್ಯಾಸ. ಇಲ್ಲಿ ಆ ಕಾಲು ಬೈಕಿಗೂ ಸೈಡ್‌ಕಾರ್ ಪೈಪಿಗೂ ನಡುವೆ ಸಿಕ್ಕಿಕೊಳ್ಳುತ್ತದೆ, ಗಾಡಿ ಇನ್ನೂ ಉರುಳುತ್ತಿರುತ್ತದೆ. ನನಗೆ ಮೂರು ವಾರ ಕಣಕಾಲು ಊದಿಕೊಂಡಿತ್ತು. ಇನ್ನು ಹಳೇ ಬುಲೆಟ್‌ನಲ್ಲಿ ಬ್ರೇಕ್ ಎಡಗಾಲಿಗೆ, ಗೇರ್ ಬಲಗಾಲಿಗೆ. ನಿಮಗೆ ಅದು ರೂಢಿ ಇರುತ್ತದೆ. ಮನೆಯಲ್ಲಿ ಬೇರೆ ಯಾರಿಗಾದರೂ ಕೊಡುವ ಮುಂಚೆ ಯೋಚಿಸಿ.

ಕಲಿಯೋಕೆ ಒಂದು ಖಾಲಿ ಮೈದಾನ ಹುಡುಕಿ. ನಿಧಾನಕ್ಕೆ ಎಡಕ್ಕೆ ಸುತ್ತು ಹಾಕುತ್ತಾ ಬೇಕಂತಲೇ ಸೈಡ್‌ಕಾರ್ ಏಳಿಸಿ ಇಳಿಸಿ ಅಭ್ಯಾಸ ಮಾಡಿ. ಎದ್ದಾಗ ಕೈ ಏನು ಮಾಡುತ್ತದೆ ಅಂತ ಮೈದಾನದಲ್ಲೇ ಗೊತ್ತಾಗಲಿ, ರಸ್ತೆಯಲ್ಲಿ ಬೇಡ. ಒಬ್ಬರೇ ಹೋಗುವಾಗ ಸೈಡ್‌ಕಾರ್‌ನಲ್ಲಿ ಭಾರ ಇಡಿ. ನಾನು ಮೊದಲು 25 ಕೆಜಿ ಅಕ್ಕಿ ಮೂಟೆ ಇಟ್ಟಿದ್ದೆ. ಮಳೆಗೆ ನೆಂದು ಮನೆಯಲ್ಲಿ ಬೈಸಿಕೊಂಡ ಮೇಲೆ ಈಗ ಮರಳು ಚೀಲ.

ಬೈಕಿಗೆ ಸೈಡ್‌ಕಾರ್ ಕೂರಿಸುವ ಕೆಲಸವನ್ನು ಎಲ್ಲ ಮೆಕ್ಯಾನಿಕ್ಕೂ ಮಾಡಲಾರರು. ನನಗೆ ಮೊದಲು ಸಿಕ್ಕವನು ಸುಮ್ನೆ ನಾಲ್ಕು ಕಡೆ ಬೋಲ್ಟ್ ಬಿಗಿದು ಕಳಿಸಿದ್ದ. ಇಪ್ಪತ್ತೈದರ ವೇಗಕ್ಕೆ ಹ್ಯಾಂಡಲ್ ಗಡಗಡ ಅಲುಗಾಡುತ್ತಿತ್ತು. ಆಮೇಲೆ ಒಬ್ಬ ವಯಸ್ಸಾದ ಮೇಸ್ತ್ರಿ ಸಿಕ್ಕರು. ಅವರು ಎರಡು ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ತರಿಸಿ, ಒಂದನ್ನು ಬೈಕಿನ ಎರಡೂ ಚಕ್ರಕ್ಕೆ, ಇನ್ನೊಂದನ್ನು ಸೈಡ್‌ಕಾರ್ ಚಕ್ರಕ್ಕೆ ತಾಗಿಸಿ ಇಟ್ಟರು. ಮುಂದೆ ಅಳೆದರು, ಹಿಂದೆ ಅಳೆದರು. ಮುಂದಿನ ಅಂತರ ಹಿಂದಿನದಕ್ಕಿಂತ ಹದಿನೈದು ಮಿಲಿಮೀಟರ್ ಕಡಿಮೆ ಬರುವವರೆಗೆ ಬಿಡಲಿಲ್ಲ. ಅಂದರೆ ಸೈಡ್‌ಕಾರ್ ಚಕ್ರ ಸ್ವಲ್ಪ ಬೈಕಿನ ಕಡೆ ಮುಖ ಮಾಡಿರಬೇಕು. ಬೈಕು ನೆಟ್ಟಗೆ ನಿಲ್ಲದೆ ಒಂದೆರಡು ಡಿಗ್ರಿ ಬಲಕ್ಕೆ, ಹೊರಗಡೆಗೆ ವಾಲಿರಬೇಕು. ಅದನ್ನು ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ನೋಡಿದರು, ಅದೂ ನನ್ನನ್ನು ಸೀಟಿನ ಮೇಲೆ ಕೂರಿಸಿಕೊಂಡು. ಬೆಳಿಗ್ಗೆ ಹತ್ತಕ್ಕೆ ಶುರುವಾಗಿದ್ದು ಮುಗಿದಾಗ ದೀಪ ಹಚ್ಚುವ ಹೊತ್ತು. ಅವತ್ತಿನಿಂದ ಅಲುಗಾಟ ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಸ್ಟಿಯರಿಂಗ್ ಡ್ಯಾಂಪರ್ ಹಾಕಿಸಿದ ಮೇಲೆ ಹೋಯಿತು.

ಎಂಜಿನ್ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. 346 ಸಿಸಿ, ಹೊಸದಿದ್ದಾಗಲೇ 18 ಅಶ್ವಶಕ್ತಿ. ಅದಕ್ಕೆ ಈಗ ಹೆಚ್ಚುಕಡಿಮೆ ಕಾಲು ಟನ್ ಎಳೆಯುವ ಕೆಲಸ, ಮೇಲೆ ಮನುಷ್ಯರು ಬೇರೆ. ಗೇರ್‌ಬಾಕ್ಸಿನ ಸ್ಪ್ರಾಕೆಟ್ (ಚೈನ್ ಎಳೆಯುವ ಹಲ್ಲಿನ ಚಕ್ರ) ಒಂದು ಹಲ್ಲು ಕಡಿಮೆಯದು ಹಾಕಿಸಿದರೆ ಚಾಮುಂಡಿ ಬೆಟ್ಟ ಹತ್ತುತ್ತದೆ. ನನ್ನದು ಐವತ್ತರಲ್ಲಿ ಸುಖವಾಗಿ ಹೋಗುತ್ತದೆ, ಮೈಲೇಜ್ ಇಪ್ಪತ್ತೈದರ ಆಸುಪಾಸು. ಹಿಂದಿನ ಟೈರ್ ನಡುವೆ ಚಪ್ಪಟೆಯಾಗಿ ಬೇಗ ಸವೆಯುತ್ತದೆ. ಕಡ್ಡಿಗಳೂ ಮುರಿಯುತ್ತವೆ, ಯಾಕೆಂದರೆ ಬೈಕಿನ ಚಕ್ರ ಪಕ್ಕದಿಂದ ಬೀಳುವ ಭಾರಕ್ಕೆ ಮಾಡಿದ್ದಲ್ಲ. ಗುಂಡಿ ತಪ್ಪಿಸೋಣ ಅಂದರೆ ಮೂರು ಚಕ್ರಕ್ಕೆ ಎರಡು ಜಾಡು. ಒಂದು ತಪ್ಪಿದರೆ ಇನ್ನೊಂದು ಬೀಳುತ್ತದೆ.

ಮೈಸೂರಿನವನಾಗಿ ಜಾವಾ ಬಿಟ್ಟು ಬುಲೆಟ್ ಯಾಕೆ ಅಂತ ಇಲ್ಲಿ ಎಲ್ಲರೂ ಕೇಳುತ್ತಾರೆ. ಇಲ್ಲಿನ ಯಾದವಗಿರಿಯ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಊರಿಗೆ ಆ ಮೋಹ ಹೋಗಿಲ್ಲ. ನನಗೂ ಇದೆ. ಆದರೆ ಜಾವಾದಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್, ಅದೂ ಎಡಗಡೆ. ಅಲ್ಲೇ ಸೈಡ್‌ಕಾರ್ ಕಟ್ಟಿದರೆ ಕಾಲಾಡಿಸೋಕೆ ಇಕ್ಕಟ್ಟು. ಬುಲೆಟ್ ಕಿಕ್ಕರ್ ಬಲಗಡೆ, ಆರಾಮ.

ಕಾಗದಪತ್ರ. ಮೋಟಾರು ವಾಹನ ಕಾಯ್ದೆಯಲ್ಲಿ ಮೋಟಾರ್ ಸೈಕಲ್ ಅಂದರೆ ಕಳಚಿಡಬಹುದಾದ ಸೈಡ್‌ಕಾರ್ ಸೇರಿದ ದ್ವಿಚಕ್ರ ವಾಹನ ಅಂತಲೇ ಇದೆ. ಹಾಗಂತ ನಿಮ್ಮಿಷ್ಟಕ್ಕೆ ಜೋಡಿಸಿ ಹೊರಡಬೇಡಿ. ಅದೇ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ರೂಪ ಬದಲಾಯಿಸುವುದಕ್ಕೆ ಕಡಿವಾಣ ಹಾಕುತ್ತದೆ. ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಆಮೇಲೆ ದುಡ್ಡು ಕೊಡಿ. ನನ್ನ ಗಾಡಿಯ ಆರ್‌ಸಿಯಲ್ಲಿ ಸೈಡ್‌ಕಾರ್ ಮೊದಲೇ ನಮೂದಾಗಿತ್ತು, ಅದೊಂದಕ್ಕೇ ಚೌಕಾಸಿ ಮಾಡದೆ ತಗೊಂಡೆ. ವಿಮೆಯವರಿಗೂ ತಿಳಿಸಿ. ಸೈಡ್‌ಕಾರ್‌ನಲ್ಲಿ ಕೂತವರಿಗೂ ಹೆಲ್ಮೆಟ್ ಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ, ಸೈಡ್‌ಕಾರ್ ಇದ್ದರೂ ಇದು ಬೈಕೇ. ಸರ್ವಿಸ್ ರಸ್ತೆ ಗತಿ. ಪಾರ್ಕಿಂಗ್‌ನಲ್ಲಿ ಮಾತ್ರ ಬೈಕಿನವರು ಕಾರಿನ ಕಡೆ ಕಳಿಸುತ್ತಾರೆ, ಕಾರಿನವರು ಬೈಕಿನ ಕಡೆ.

ಜನರ ಕಾಟವೂ ಇದೆ, ಸಿಹಿಯಾದ ಕಾಟ. ರಾಮನಗರದ ಬಂಡೆಗಳ ನಡುವೆ ತೆಗೆದ ಆ ಹಿಂದಿ ಸಿನಿಮಾ 'ಶೋಲೆ'ಯ ಹಾಡು ಪ್ರತಿ ಸಿಗ್ನಲ್‌ನಲ್ಲೂ ಯಾರಾದರೂ ಹಾಡುತ್ತಾರೆ. ಅದರಲ್ಲಿ ಸೈಡ್‌ಕಾರ್ ಕಳಚಿಕೊಂಡು ತನ್ನ ದಾರಿ ಹಿಡಿಯುತ್ತದೆ ನೋಡಿ, ಈಗ ಅದನ್ನು ನೋಡಿದರೆ ನನಗೆ ನಗು ಬರೋದಿಲ್ಲ. ತಿಂಗಳಿಗೊಮ್ಮೆ ನಾಲ್ಕೂ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನೋಡುತ್ತೇನೆ.

ಈಗ ಅಮ್ಮನ ಕತೆ. ಮೊದಲ ಸಲ ಕೂರಿಸಿಕೊಂಡು ನಂಜನಗೂಡಿಗೆ ಹೋದೆ. ದಾರಿಯುದ್ದಕ್ಕೂ ಗದ್ದೆ ತೋಟ ನೋಡಿಕೊಂಡು ಖುಷಿಯಾಗಿಯೇ ಇದ್ದರು. ದೇವಸ್ಥಾನದ ಮುಂದೆ ನಿಲ್ಲಿಸಿದರೆ ಏಳೋಕೆ ಆಗಲಿಲ್ಲ. ಸೈಡ್‌ಕಾರ್ ಸೀಟು ನೆಲದಿಂದ ಒಂದಡಿ ಮೇಲಿರುತ್ತದೆ ಅಷ್ಟೇ, ಕಾಲು ಮುಂದಕ್ಕೆ ಚಾಚಿ ಕೂರಬೇಕು. ಏಳಬೇಕಾದರೆ ಪೂರ್ತಿ ಭಾರ ಮಂಡಿಯ ಮೇಲೇ. ಕೊನೆಗೆ ಹೂ ಮಾರುವ ಇಬ್ಬರು ಹೆಂಗಸರು ಬಂದು ಎತ್ತಿದರು. 'ಬಾವಿಗೆ ಇಳಿಸಿ ಕರಕೊಂಡು ಬಂದೆಯಲ್ಲೋ' ಅಂದರು ಅಮ್ಮ. ವಾಪಸ್ ಬಸ್ಸಿನಲ್ಲಿ ಹೋದರು. ಅದಾದ ಮೇಲೆ ಆ ಸೀಟು ನಮ್ಮ ನಾಯಿಯದು.

ಅದಕ್ಕೇ ಸಾರ್, ಏನನ್ನೂ ಕೊಳ್ಳುವ ಮೊದಲು ಇವತ್ತು ಸಂಜೆ ಒಂದು ಕೆಲಸ ಮಾಡಿ. ಅಪ್ಪನನ್ನು ನೆಲದ ಮೇಲೆ ಒಂದಡಿ ಎತ್ತರದ ಸ್ಟೂಲಿನ ಮೇಲೆ ಕಾಲು ಚಾಚಿ ಕೂರಿಸಿ, ಹತ್ತು ನಿಮಿಷ ಮಾತಾಡಿಸಿ. ಆಮೇಲೆ ಕೈ ಕೊಡದೆ ಎದ್ದೇಳೋಕೆ ಹೇಳಿ. ಎದ್ದರೆ ಇಲ್ಲೇ ತಿಳಿಸಿ, ಆ ಮೇಸ್ತ್ರಿಯನ್ನು ಕೇಳಿ ನಿಮ್ಮ ಬುಲೆಟ್‌ಗೂ ಒಂದು ದಿನ ಇಟ್ಟುಕೊಳ್ಳೋಣ.